ನಿಮಗಿದು ಗೊತ್ತೇ? ಖಾನಾಪುರದ ಗಡಿಗೆಯಲ್ಲಿ ಕೊರಿಯಾದ ಮೂಲಂಗಿ ಸಾರು

ಸುಡುಸುಡು ಸಾರಿನ ಕೊನೆಯ ಗುಟುಕು ಮುಗಿಸಿ, ಬಟ್ಟಲು ಕೆಳಗಿಟ್ಟು ಕೊರಿಯಾದ ಹಿರಿಯರು ಹೇಳುವ ಮಾತು ‘ಷಿವೊನ್‌ಹಾದಾ’. ಅಂದರೆ ‘ತಣ್ಣಗಿದೆ’! ಹಬೆಯಾಡುವ ಸಾರಿಗೆ ಇದೆಂಥ ಮಾತು ಎಂದು ಬೇರೆಯವರು ನಗಬಹುದು, ನಾವು ನಗುವಂತಿಲ್ಲ. ಖಾರದ ಎಣಗಾಯಿ, ಬಿಸಿ ರೊಟ್ಟಿ ಉಂಡು, ಹಣೆಯ ಬೆವರು ಒರೆಸಿಕೊಳ್ಳುತ್ತ ‘ಹೊಟ್ಟಿ ತಣ್ಣಗಾತ್ ನೋಡವಾ’ ಎನ್ನುವ ಸೀಮೆಯವರು ನಾವು.

ಆ ಮಾತು ಅವರ ಬಾಯಿಗೆ ಹೆಚ್ಚಾಗಿ ಬರುವುದು ಮೂಲಂಗಿ ಬಿದ್ದ ಸಾರಿಗೆ. ಅಂಥವುಗಳಲ್ಲಿ ತೀರಾ ಮನೆಮಟ್ಟದ್ದು ‘ಸೋಗೋಗಿ ಮುಗುಕ್’. ‘ಸೋ’ ಎಂದರೆ ದನ, ‘ಗೋಗಿ’ ಮಾಂಸ, ‘ಮು’ ಮೂಲಂಗಿ, ‘ಗುಕ್’ ಸಾರು. ಹೆಸರೇ ಸಂತೆಯ ಚೀಟಿ.

ಈ ಚೀಟಿ ಹಿಡಿದು ಬೆಳಗಾವಿ ಪೇಟೆಗೆ ಹೊರಟರೆ ಮೊದಲ ಶಬ್ದಕ್ಕೇ ತಡೆ. ರಾಜ್ಯದ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂತು. ಹಸು, ಕರು, ಹೋರಿ, ಎತ್ತು ಎಲ್ಲಕ್ಕೂ ರಕ್ಷಣೆ. ಎಮ್ಮೆ, ಕೋಣಕ್ಕೆ ಮಾತ್ರ ವಯಸ್ಸಿನ ಲೆಕ್ಕ, 13 ದಾಟಿರಬೇಕು, ಅಧಿಕಾರಿಯ ಪ್ರಮಾಣಪತ್ರ ಇರಬೇಕು. ಇದಕ್ಕೂ ಮೊದಲಿದ್ದ 1964ರ ಕಾಯ್ದೆಯಲ್ಲಿ ವಯಸ್ಸಾದ ಎತ್ತು, ಹೋರಿಗೆ ಅನುಮತಿ ಸಿಗುತ್ತಿತ್ತು. 2021ರಲ್ಲಿ ಕರ್ನಾಟಕದ ಪೂರೈಕೆ ನಿಂತಾಗ ಘಟ್ಟದ ಕೆಳಗಿನ ಗೋವಾದಲ್ಲಿ ದನದ ಮಾಂಸಕ್ಕೆ ಕೊರತೆಯಾಯಿತು. 13 ದಾಟಿದ ಎಮ್ಮೆಯ ಮಾಂಸ ಮೆತ್ತಗಾಗುವ ಹೊತ್ತಿಗೆ ಗ್ಯಾಸಿನ ಟಾಕಿ ಖಾಲಿಯಾದೀತು. ಆದ್ದರಿಂದ ಈ ಅಂಕಣದ ಮುಗುಕ್ ಕುರಿ ಮಾಂಸದ್ದು.

ಕೊರಿಯಾದಲ್ಲೂ ದನ ಕಡಿಯಲು ನಿಷೇಧವಿತ್ತು, ಗೊತ್ತೇ? 1392ರಿಂದ 1910ರವರೆಗೆ ಆಳಿದ ಜೋಸನ್ ಅರಸೊತ್ತಿಗೆ ಮೂರು ಕೆಲಸಗಳನ್ನು ಮತ್ತೆ ಮತ್ತೆ ನಿಷೇಧಿಸುತ್ತಿತ್ತು: ದನ ಕಡಿಯುವುದು, ಹೆಂಡ ಭಟ್ಟಿ ಇಳಿಸುವುದು, ಪೈನ್ ಮರ ಉರುಳಿಸುವುದು. ಕಾರಣ ಧರ್ಮವಲ್ಲ, ನೇಗಿಲು. ಎತ್ತಿಲ್ಲದೆ ಗದ್ದೆ ಇಲ್ಲ, ಗದ್ದೆ ಇಲ್ಲದೆ ಕಂದಾಯ ಇಲ್ಲ. ಹೆಂಡಕ್ಕೂ ಇದೇ ಲೆಕ್ಕ, ಅಕ್ಕಿ ಹಾಳಾಗುತ್ತದೆಂದು. ಮತ್ತೆ ಮತ್ತೆ ನಿಷೇಧಿಸಬೇಕಾಯಿತು ಎಂದಮೇಲೆ ಜನ ಎಷ್ಟು ಕೇಳುತ್ತಿದ್ದರು ಎಂಬುದನ್ನು ನೀವೇ ಊಹಿಸಿ.

ಇನ್ನು ನಮ್ಮ ಸೀಮೆಯ ಗುಟ್ಟು. ಬೆಳಗಾವಿಯ ಮಾಂಸದಡುಗೆ ಮನೆಗಳಿಗೆ ಮುಗುಕ್‌ನ ಅಕ್ಕ ಹಳೆಯ ಪರಿಚಯ. ಅವಳ ಹೆಸರು ಅಳಣಿ. ಮಟನ್ ತಂದ ದಿನ ತುಂಡುಗಳನ್ನು ಅರಿಷಿಣ, ಉಪ್ಪು, ಶುಂಠಿ ಬಳ್ಳೊಳ್ಳಿ ಹಚ್ಚಿ ಮೊದಲು ಬರೀ ನೀರಲ್ಲಿ ಕುದಿಸುತ್ತಾರೆ. ಖಾರ, ಮಸಾಲೆ ಬೀಳುವ ಮೊದಲೇ ಮೇಲಿನ ತಿಳಿಯನ್ನು ಬಸಿದು ತೆಗೆದಿಡುತ್ತಾರಲ್ಲ, ಅದೇ ಅಳಣಿ. ಮನೆಯ ಚಿಕ್ಕ ಮಕ್ಕಳಿಗೆ, ಬಾಣಂತಿಗೆ, ಜ್ವರ ಬಿಟ್ಟವರಿಗೆ ಮೊದಲ ಬಟ್ಟಲು. ಉಳಿದದ್ದಕ್ಕೆ ಆಮೇಲೆ ಖಾರ ಬಿದ್ದು ರಸ್ಸಾ ಆಗುತ್ತದೆ. ಮಟನ್ ಕುಕ್ಕರ್ ಸೀಟಿ ಹೊಡೆದ ಮೇಲೆ ಅಡುಗೆಮನೆ ಬಾಗಿಲಲ್ಲಿ ವಾಟಗಾ ಹಿಡಿದು ನಿಲ್ಲದ ಹುಡುಗ ಈ ಊರಲ್ಲಿ ಬೆಳೆದವನೇ ಅಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

‘ಅಳಣಿ’ ಮರಾಠಿಯಿಂದ ಬಂದ ಶಬ್ದ. ಅದರ ಬೇರು ಸಂಸ್ಕೃತದ ‘ಅಲವಣ’, ಅಂದರೆ ಉಪ್ಪಿಲ್ಲದ್ದು. ಆದರೆ ಅಳಣಿಗೆ ಉಪ್ಪು ಹಾಕುತ್ತಾರೆ. ಹೆಸರನ್ನು ನಂಬಿ ಉಪ್ಪು ಬಿಟ್ಟೀರಿ ಜೋಕೆ.

ಇನ್ನೂ ಹಿಂದಕ್ಕೆ ಹೋಗಬೇಕೆ? ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದ ಊಟದ ಭಾಗದಲ್ಲಿ ‘ಕವಚಂದಿ’ ಎಂಬ ಪದಾರ್ಥವಿದೆ. ಮಾಂಸದ ಸಣ್ಣ ತುಂಡುಗಳನ್ನು ಕಾಳು, ಕಾಯಿಪಲ್ಯಗಳ ಜತೆ ಬೇಯಿಸುವ ಅಡುಗೆ. ಮಾಂಸಕ್ಕೆ ಕಾಯಿಪಲ್ಯ ಬೆರೆಸುವುದು ಟಿವಿ ಧಾರಾವಾಹಿ ನೋಡಿ ಕಲಿತದ್ದಲ್ಲ.

ಕೊಲ್ಹಾಪುರದ ಗಾಳಿ ಬೀಸುವ ನಮ್ಮ ಖಾನಾವಳಿಗಳಲ್ಲಿ ತಾಂಬಡಾ, ಪಾಂಢರಾ ಎಂದು ಎರಡು ರಸ್ಸಾ ಬರುತ್ತವೆ, ಒಂದು ಕೆಂಪು, ಒಂದು ಬಿಳಿ. ಮುಗುಕ್‌ನಲ್ಲೂ ಹಾಗೇ! ಸೋಲ್ ಕಡೆ ಮಾಡುವುದು ತಿಳಿಯಾದ ಸಾರು. ಆಗ್ನೇಯದ ಗ್ಯೋಂಗ್‌ಸಾಂಗ್ ಸೀಮೆಯವರು ಅದಕ್ಕೇ ಮೆಣಸಿನಪುಡಿ ಹಾಕಿ, ಮೊಳಕೆ ಕಾಳು ಸೇರಿಸಿ ಕೆಂಪಗೆ ಕುದಿಸುತ್ತಾರೆ. ಗ್ಯೋಂಗ್‌ಸಾಂಗ್‌ನಿಂದ ಸೋಲ್‌ಗೆ ಓದಲು ಹೋದ ಹುಡುಗರು ಬಿಳಿ ಸಾರು ಕಂಡು ಕಂಗಾಲಾಗುತ್ತಾರಂತೆ. ಬೆಳಗಾವಿಯಿಂದ ಮೈಸೂರಿನ ಹಾಸ್ಟೆಲ್ಲಿಗೆ ಹೋದ ಹುಡುಗ ಸಿಹಿ ಸಾಂಬಾರು ಕಂಡಂತೆ.

ಮೆಣಸಿನಕಾಯಿ ಇಬ್ಬರಿಗೂ ಸಮುದ್ರ ದಾಟಿ ಬಂದದ್ದು. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ, ಖಾನಾಪುರ ಘಟ್ಟದ ಆಚೆ ಬದಿಗೇ. ಕೊರಿಯಾಕ್ಕೆ ಮೆಣಸಿನಕಾಯಿ ಮುಟ್ಟಿದ್ದು ಆ ಶತಮಾನದ ಕೊನೆಯ ಹೊತ್ತಿಗೆ ಎನ್ನುವುದು ರೂಢಿಯ ಮಾತು. ಅಂದಮೇಲೆ ಎರಡೂ ಕಡೆ ಹಿರಿಯಳು ಬಿಳಿ ಸಾರೇ.

ಕೆಂಪು ಮುಗುಕ್ ಬೇಕೇಬೇಕು ಅನ್ನುವವರು ಕೊರಿಯಾದ ಮೆಣಸಿನಪುಡಿಗೆ ದುಡ್ಡು ಸುರಿಯಬೇಡಿ. ಅದರ ಗುಣ ಬಣ್ಣ ಜಾಸ್ತಿ, ಖಾರ ಕಡಿಮೆ. ಆ ಗುಣಕ್ಕೇ ಹೆಸರಾದದ್ದು, 2011ರಲ್ಲಿ ಭೌಗೋಳಿಕ ಸೂಚಿ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿ. ಬೀಜ ಕೊಡವಿ ತರಿತರಿಯಾಗಿ ಕುಟ್ಟಿದರೆ ಸಾಕು.

ಈಗ ಮೂಲಂಗಿ. ಕೊರಿಯಾದ್ದು ಗಿಡ್ಡ, ದಪ್ಪ, ಹೆಗಲ ಮೇಲೆ ತಿಳಿ ಹಸಿರು. ದಪ್ಪ ಕಾಲಿನವರನ್ನು ಅಲ್ಲಿ ‘ಮೂಲಂಗಿ ಕಾಲು’ ಎಂದು ಕಾಡಿಸುತ್ತಾರೆ. ನಮ್ಮದು ಉದ್ದ, ಸಣ್ಣ, ಪೂರಾ ಬಿಳಿ. ಎರಡೂ ಒಂದೇ ಜಾತಿಯ ಗಿಡ. ಆದರೆ ನಮ್ಮದು ಬೇಗ ಬೇಯುತ್ತದೆ, ಬೇಗ ಬೆಂಡಾಗುತ್ತದೆ. ಬಿಸಿಲು ಕಾಲದ್ದಕ್ಕೆ ಘಾಟು ಜಾಸ್ತಿ, ಚಳಿಗಾಲದ್ದು ಸಿಹಿ. ಮುಗುಕ್ ಮಾಡಬೇಕೆಂದರೆ ದೀಪಾವಳಿ ಕಳೆದ ಮೇಲೆ ಮಾಡಿ, ಬೆಳಗಾವಿ ಚಳಿಗೂ ಒಪ್ಪುತ್ತದೆ.

ಬೆಂಡು ಮೂಲಂಗಿಯನ್ನು ಕತ್ತರಿಸದೆ ಕಂಡುಹಿಡಿಯುವ ಉಪಾಯ ನಾನು ಕಲಿತದ್ದು ಬೆಳಗಾವಿಯ ಗಣಪತ ಗಲ್ಲಿಯಲ್ಲಿ, ಗೋಣಿಚೀಲದ ಮೇಲೆ ಕಾಯಿಪಲ್ಯ ಹರವಿಕೊಂಡು ಕೂತ ಒಬ್ಬ ಮಾವಶಿಯಿಂದ. ‘ಬೆಂಡ ಇಲ್ಲಲ್ರಿ ಮಾವಶಿ?’ ಎಂದೆ. ಆಕೆ ಮೂಲಂಗಿಯನ್ನು ಮುಟ್ಟಲೇ ಇಲ್ಲ. ಹೊರಗಿನ ಒಂದು ಎಲೆಯನ್ನು ಬುಡದಲ್ಲಿ ಲಟಕ್ಕನೆ ಮುರಿದು ದಂಟನ್ನು ನನ್ನ ಮೂಗಿನ ಮುಂದೆ ಹಿಡಿದಳು. ‘ನೋಡ ತಮ್ಮಾ, ದಂಟಿನ ನಡುವ ನೀರ ಐತಿ, ತುಂಬೇತಿ. ದಂಟ ಪೊಳ್ಳ ಇದ್ರ ಗಡ್ಡೀನೂ ಪೊಳ್ಳ.’ ತಪ್ಪಿಲ್ಲದ ಪರೀಕ್ಷೆ. ಗಡ್ಡೆಯೊಳಗೆ ಬೆಂಡು ಬಿದ್ದರೆ ಹೊರ ಎಲೆಯ ದಂಟಿನಲ್ಲೂ ಅದೇ ಬಿಳಿ ಸ್ಪಂಜು ಕಾಣುತ್ತದೆ. ತಪ್ಪಲು ಕಿತ್ತು ಮಾರುವ ಅಂಗಡಿಯಲ್ಲಿ ಮೂಲಂಗಿ ಕೊಳ್ಳಬಾರದು ಎನ್ನುವುದು ಇದಕ್ಕೇ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕೊಟ್ಟ ‘ಅರ್ಕಾ ನಿಶಾಂತ್’ ತಳಿಯ ಹೆಗ್ಗಳಿಕೆಗಳಲ್ಲಿ ಬೇಗ ಬೆಂಡಾಗದಿರುವುದೂ ಒಂದು.

ಹಸಿ ಮೂಲಂಗಿಯ ಘಾಟು ಬೇಯಿಸಿದರೆ ಎಲ್ಲಿ ಹೋಗುತ್ತದೆ? ಇಡೀ ಗಡ್ಡೆಯಲ್ಲಿ ಘಾಟೇ ಇರುವುದಿಲ್ಲ. ಗಂಧಕವಿರುವ ಒಂದು ವಸ್ತು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಬೇರೆಬೇರೆ ಕೂತಿರುತ್ತವೆ. ಹಲ್ಲೋ ಚಾಕುವೋ ತಗಲಿದಾಗ ಎರಡೂ ಕೂಡಿ ಘಾಟು ಹುಟ್ಟುತ್ತದೆ. ಕುದಿ ಬಿದ್ದರೆ ಕಿಣ್ವ ಸಾಯುತ್ತದೆ, ಹುಟ್ಟಿದ್ದ ಘಾಟು ಹಬೆಯ ಜತೆ ಹಾರಿಹೋಗುತ್ತದೆ, ಅಡಗಿದ್ದ ಸಿಹಿ ಮೇಲೆ ಬರುತ್ತದೆ. ಮುಚ್ಚಳ ತೆಗೆದೇ ಕುದಿಸಿ. ಅಕ್ಕಪಕ್ಕದ ಮನೆಯವರಿಗೆ ವಾಸನೆ ಹೋಗುತ್ತದೆ ಎಂದು ಮುಚ್ಚಿದರೆ ಅದು ಸಾರಿನಲ್ಲೇ ಉಳಿಯುತ್ತದೆ.

ತುದಿ ಘಾಟು, ತಪ್ಪಲಿನ ಕಡೆಯ ಭಾಗ ಸಿಹಿ. ರೊಟ್ಟಿ ಜತೆ ಕಚ್ಚಲು ತುದಿ, ಸಾರಿಗೆ ಮೇಲ್ಭಾಗ.

ಮುಗುಕ್‌ಗೆ ಉಪ್ಪಿನ ಜತೆ ಸೋಯಾ ಸಾಸೂ ಬೀಳುತ್ತದೆ. ಅದರ ಸೋಯಾ ಬೀಜಕ್ಕೂ ಬೆಳಗಾವಿಗೂ ಏನು ನಂಟು? ಮುಂಗಾರಿನಲ್ಲಿ ಬೈಲಹೊಂಗಲದ ಕಡೆ ಬಸ್ಸಿನಲ್ಲಿ ಹೋದರೆ ಕಿಟಕಿಯಾಚೆ ಕಾಣುವ ಹಸಿರಿನಲ್ಲಿ ದೊಡ್ಡ ಪಾಲು ಸೋಯಾಬೀನ್. ಕರ್ನಾಟಕದಲ್ಲಿ ಈ ಬೆಳೆಯ ಮುಖ್ಯ ಜಿಲ್ಲೆಗಳಲ್ಲಿ ಬೆಳಗಾವಿ ಒಂದು. ಇಲ್ಲಿ ಕಾಡುವ ತುಕ್ಕು ರೋಗ ತಡೆಯಲು ಧಾರವಾಡ ಕೃಷಿ ವಿಶ್ವವಿದ್ಯಾಲಯ ‘ಡಿಎಸ್‌ಬಿ 21’ ಎಂಬ ತಳಿಯನ್ನೇ ಕೊಟ್ಟಿದೆ. ಬೆಳೆದದ್ದೆಲ್ಲ ಎಣ್ಣೆ ಗಿರಣಿಗೆ, ಹಿಂಡಿ ಕೋಳಿಯ ಮೇವಿಗೆ. ಅದೇ ಬೀಜವನ್ನು ಕೊರಿಯಾದವರು ಬೇಯಿಸಿ, ಅರೆದು, ಇಟ್ಟಿಗೆಯಂತೆ ಬಡಿದು, ಭತ್ತದ ಹುಲ್ಲಿನಿಂದ ಕಟ್ಟಿ ತೂಗುಹಾಕುತ್ತಾರೆ. ಹುಲ್ಲಿನಲ್ಲಿರುವ ಸೂಕ್ಷ್ಮಾಣುಗಳೇ ಹೆಪ್ಪು. ಹುಳಿತ ಇಟ್ಟಿಗೆಗಳನ್ನು ಉಪ್ಪುನೀರಿನ ಮಡಕೆಗೆ ಇಳಿಸಿ ವಾರಗಟ್ಟಲೆ ಬಿಟ್ಟರೆ ಮೇಲಿನ ನೀರು ಸೋಯಾ ಸಾಸ್, ಕೆಳಗಿನ ಗಸಿ ‘ದೋಯೆಂಜಾಂಗ್’. ಈ ವಿದ್ಯೆಗೆ 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಕಿಮ್ಚಿ ಹಾಕುವ ಪದ್ಧತಿಗೆ 2013ರಲ್ಲೇ ಸಿಕ್ಕಿತ್ತು.

ಸಾರಿಗೆ ಅವರು ಬಳಸುವ ಸೋಯಾ ಸಾಸೇ ಬೇರೆ. ಬಣ್ಣ ತೆಳು, ಉಪ್ಪು ಜಾಸ್ತಿ. ನನಗಿದು ಗೊತ್ತಿರಲಿಲ್ಲ. ಮೊದಲ ಸಲ ಮನೆಯಲ್ಲಿದ್ದ, ಗೋಬಿ ಮಂಚೂರಿಗೆಂದು ತಂದ ಕಪ್ಪು ಬಾಟಲಿಯನ್ನೇ ಎರಡು ಚಮಚ ಸುರಿದೆ. ಪಾತ್ರೆ ನೋಡಿದ ಮಗಳು ‘ಅಪ್ಪಾ, ಚಾಕ್ಕ ಮೂಲಂಗಿ ಯಾಕ ಹಾಕೀರಿ?’ ಎಂದಳು. ಪೇಟೆಯಲ್ಲಿ ‘ಲೈಟ್’ ಎಂದು ಬರೆದಿರುವ ಸೋಯಾ ಸಾಸ್ ಒಂದೇ ಚಮಚ ಹಾಕಿ, ಉಳಿದ ರುಚಿಗೆ ಉಪ್ಪು ಹಾಕಿಕೊಳ್ಳಿ.

ಆ ಒಂದು ಚಮಚ ಏನು ಮಾಡುತ್ತದೆ? ಹುಳಿತ ಸೋಯಾದಲ್ಲಿ ಗ್ಲುಟಮೇಟ್ ಇದೆ. ಸಿಹಿ, ಹುಳಿ, ಉಪ್ಪು, ಕಹಿಯ ಆಚೆಗಿನ ಈ ರುಚಿಗೆ ಜಪಾನಿನ ಕಿಕುನೆ ಇಕೆಡಾ 1908ರಲ್ಲಿ ‘ಉಮಾಮಿ’ ಎಂದು ಹೆಸರಿಟ್ಟರು. ಮಾಂಸದಲ್ಲಿರುವ ಇನೊಸಿನೇಟ್ ಇದಕ್ಕೆ ಸೇರಿದರೆ ರುಚಿ ಎರಡರ ಮೊತ್ತಕ್ಕಿಂತ ಎಷ್ಟೋ ಹೆಚ್ಚು. ಗರಮ್ ಮಸಾಲೆ ಇಲ್ಲದೆಯೂ ಸಾರು ‘ತುಂಬಿದ’ ಹಾಗೆ ಅನ್ನಿಸುವುದು ಅದಕ್ಕೇ.

ಮುಗುಕ್‌ನ ಮಾಂಸ ಹುರಿಯುವ ಎಳ್ಳೆಣ್ಣೆಯಲ್ಲೂ ಮೋಸ ಹೋಗಬೇಡಿ. ನಮ್ಮ ಗಾಣದ್ದು ಹಸಿ ಎಳ್ಳಿನದು, ಅವರದು ಹುರಿದ ಎಳ್ಳಿನದು. ವಾಸನೆ ಅಜಗಜಾಂತರ. ಹುರಿದದ್ದು ಸಿಗದಿದ್ದರೆ ನಮ್ಮ ಎಣ್ಣೆಯಲ್ಲೇ ಮಾಡಿ, ಒಂದು ಚಮಚ ಎಳ್ಳನ್ನು ಚಟಪಟ ಸಿಡಿಯುವವರೆಗೆ ಹುರಿದು, ಅಂಗೈಯಲ್ಲಿ ತಿಕ್ಕಿ ಮೇಲೆ ಉದುರಿಸಿ.

ಸರಿ, ಒಲೆ ಹಚ್ಚೋಣ. ನಾಲ್ಕು ಜನರಿಗೆ 300 ಗ್ರಾಂ ಮಟನ್, ಅರ್ಧ ಕೆಜಿ ಮೂಲಂಗಿ, ಒಂದೂವರೆ ಲೀಟರ್ ನೀರು. ಮಟನ್ ಅಂಗಡಿಯಲ್ಲಿ ‘ಸೀನಾ’ ಎಂದು ಕೇಳಿ. ಕೊರಿಯಾದವರೂ ದನದ ಎದೆಭಾಗವನ್ನೇ ಆರಿಸುತ್ತಾರೆ, ಎಳೆ ಎಳೆಯಾಗಿ ಬಿಡುವ, ಚೂರು ಕೊಬ್ಬಿರುವ ತುಂಡು. ಅದನ್ನು ತಣ್ಣೀರಿನಲ್ಲಿ 20 ನಿಮಿಷ ನೆನೆಯಿಟ್ಟು ರಕ್ತ ಬಿಡಿಸಿ, ನೀರು ಒತ್ತಿ ತೆಗೆಯಿರಿ. ದಪ್ಪ ತಳದ ಪಾತ್ರೆಯಲ್ಲಿ ಒಂದು ಚಮಚ ಎಳ್ಳೆಣ್ಣೆ, ಸಣ್ಣ ಉರಿ. ಮಾಂಸದ ಕೆಂಪು ಹೋಗುವವರೆಗೆ ಆಡಿಸಿ. ನೀರು ಹಾಕಿ. ಕುದಿ ಬರುತ್ತಿದ್ದಂತೆ ಬೂದು ಬಣ್ಣದ ನೊರೆ ಏಳುತ್ತದೆ. ಮಾಂಸದ ರಸದಲ್ಲಿನ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ತೇಲುವುದು ಅದು, ಕೊಳೆಯಲ್ಲ. ಆದರೂ ಸಟ್ಟುಗದಲ್ಲಿ ತೆಗೆದುಬಿಡಿ, ಬಿಟ್ಟರೆ ಸಾರು ಮಬ್ಬಾಗುತ್ತದೆ. ಆಮೇಲೆ ಉರಿ ಪೂರ್ತಿ ಇಳಿಸಬೇಕು. ಕೊತಕೊತ ಅಲ್ಲ, ಅಂಚಿನಲ್ಲಿ ಒಂದೊಂದೇ ಗುಳ್ಳೆ. ಹೀಗೆ ಒಂದು ತಾಸು. ಆತುರದವರು ಕುಕ್ಕರಿನಲ್ಲಿ ಮೂರು ನಾಲ್ಕು ಸೀಟಿ ಹೊಡೆಸಬಹುದು, ರುಚಿ ಕೆಡುವುದಿಲ್ಲ, ತಿಳಿ ಮಾತ್ರ ಅಷ್ಟು ತಿಳಿಯಾಗಿರುವುದಿಲ್ಲ.

ಕೊರಿಯಾದವರು ಮೂಲಂಗಿಯನ್ನು ಮಾಂಸದ ಜತೆಗೇ ಹುರಿಯುತ್ತಾರೆ. ನಮ್ಮ ಮೂಲಂಗಿಗೆ, ನಮ್ಮ ಕುರಿಗೆ ಆ ಲೆಕ್ಕ ಸರಿಹೋಗದು. ಮಾಂಸ ಮುಕ್ಕಾಲು ಬೆಂದ ಮೇಲೆಯೇ ಮೂಲಂಗಿ. ಇಂಚಗಲದ ಚೌಕ, ಎರಡು ರೂಪಾಯಿ ನಾಣ್ಯ ಎರಡು ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಹಳೆಯ ಕಾಲದ ಕೊರಿಯಾದ ಅಜ್ಜಿಯರು ಹಲಗೆಯನ್ನೇ ಮುಟ್ಟುವುದಿಲ್ಲ. ಮೂಲಂಗಿಯನ್ನು ಕೈಯಲ್ಲಿ ತಿರುಗಿಸುತ್ತ, ಪೆನ್ಸಿಲ್ ಚೂಪು ಮಾಡಿದ ಹಾಗೆ ಚಕ್ಕೆ ಚಕ್ಕೆ ಕೆತ್ತಿ ನೇರ ಪಾತ್ರೆಗೆ ಬೀಳಿಸುತ್ತಾರೆ. ಒಂದು ಅಂಚು ತೆಳು, ಒಂದು ಅಂಚು ದಪ್ಪ ಇರುವುದರಿಂದ ತೆಳುವು ಕರಗಿ ಸಾರಿಗೆ ಸಿಹಿ, ದಪ್ಪವು ಉಳಿದು ಬಾಯಿಗೆ ತುತ್ತು. ನಾನು ಈಳಿಗೆಯಲ್ಲಿ ಪ್ರಯತ್ನಿಸಿದೆ. ಸಾಧ್ಯ, ಹೆಬ್ಬೆರಳಿನ ಮೇಲೆ ಕಣ್ಣಿರಲಿ.

ಮೂಲಂಗಿ ಗಾಜಿನಂತಾಗಲು ಹದಿನೈದು ನಿಮಿಷ. ಆಗ ಜಜ್ಜಿದ ಬಳ್ಳೊಳ್ಳಿ ನಾಲ್ಕೈದು ಎಸಳು, ಸೋಯಾ ಸಾಸ್, ಉಪ್ಪು. ಇಳಿಸುವಾಗ ಉಳ್ಳಾಗಡ್ಡಿ ತಪ್ಪಲು, ಕುಟ್ಟಿದ ಕರಿಮೆಣಸು. ಕೈ ತಾನಾಗಿಯೇ ಅರಿಷಿಣದ ಡಬ್ಬಿಗೆ ಹೋಗುತ್ತದೆ, ತಡೆಯಿರಿ. ಅರಿಷಿಣ ಬಿದ್ದರೆ ಅದು ಅಳಣಿ. ಅದೂ ಒಳ್ಳೆಯದೇ, ಆದರೆ ಮುಗುಕ್ ಅಲ್ಲ.

ಬಡಿಸುವುದು ಯಾವುದರಲ್ಲಿ? ಕೊರಿಯಾದಲ್ಲಿ ‘ತುಕ್‌ಬೆಗಿ’ ಎಂಬ ದಪ್ಪ ಮಣ್ಣಿನ ಬೋಗುಣಿ ಇದೆ, ಮೇಜಿಗೆ ಬಂದ ಮೇಲೂ ಅದರಲ್ಲಿ ಸಾರು ಕುದಿಯುತ್ತಿರುತ್ತದೆ. ಮಣ್ಣು ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ಮಣ್ಣಿನ ವಿಷಯಕ್ಕೆ ಬಂದರೆ ನಾವು ಬಡವರಲ್ಲ. ಬೆಳಗಾವಿಯಿಂದ 26 ಕಿ.ಮೀ. ದೂರದ ಖಾನಾಪುರದ ಮಣ್ಣು ಗಡಿಗೆಗೂ ಹಂಚಿಗೂ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೇ ಅಲ್ಲಿ. ಒಂದು ಎಚ್ಚರಿಕೆ. ತುಕ್‌ಬೆಗಿ ಹೆಚ್ಚು ಉರಿಯಲ್ಲಿ ಸುಟ್ಟು ಮೆರುಗು ಕೊಟ್ಟದ್ದು. ನಮ್ಮ ಸಾದಾ ಗಡಿಗೆಗೆ ರಂಧ್ರ ಜಾಸ್ತಿ, ಏಕಾಏಕಿ ದೊಡ್ಡ ಉರಿಗೆ ಇಟ್ಟರೆ ಬಿರಿಯುತ್ತದೆ. ರಾತ್ರಿಯಿಡೀ ನೀರಲ್ಲಿ ನೆನೆಸಿ, ಸಣ್ಣ ಉರಿಯಿಂದ ಶುರುಮಾಡಿ.

ಜತೆಗೆ ಅನ್ನ. ಅಲ್ಲಿಯ ಅನ್ನ ಅಂಟಂಟು. ಯಳ್ಳೂರು ಕಡೆಯ ಬೆಳಗಾವಿ ಬಾಸ್ಮತಿ ಘಮಘಮ, ಆದರೆ ಇದಕ್ಕೆ ಬೇಡ. ಖಾನಾಪುರ ಕಡೆ ಬೆಳೆಯುವ ಇಂದ್ರಾಯಣಿ ತನ್ನಿ. ಆಂಬೆಮೋಹರಕ್ಕೆ ಐಆರ್ 8 ಕೂಡಿಸಿ ಮಹಾರಾಷ್ಟ್ರದಲ್ಲಿ ಹುಟ್ಟಿದ ತಳಿ, ಬೆಂದರೆ ಮೆತ್ತಗೆ ಅಂಟಿಕೊಳ್ಳುತ್ತದೆ. ಅನ್ನವನ್ನು ಸಾರಿನೊಳಗೇ ಸುರಿದುಕೊಂಡು ಉಣ್ಣುವುದಕ್ಕೆ ಅಲ್ಲಿ ‘ಗುಕ್‌ಬಾಪ್’ ಎನ್ನುತ್ತಾರೆ. ಗುಕ್ ಸಾರು, ಬಾಪ್ ಅನ್ನ. ಚೀನಾ, ಜಪಾನಿನವರಂತೆ ಕೊರಿಯಾದವರು ಅನ್ನದ ಬಟ್ಟಲನ್ನು ಬಾಯಿಯ ಹತ್ತಿರ ಎತ್ತುವುದಿಲ್ಲ, ಅದು ಅಸಭ್ಯ. ಅನ್ನಕ್ಕೂ ಸಾರಿಗೂ ಚಮಚ, ಉಳಿದದ್ದಕ್ಕೆ ಕಡ್ಡಿ.

 

ಇದೇ ಸಾರು ಹಿರಿಯರ ಪೂಜೆಗೂ ಬೇಕು. ಸುಗ್ಗಿಯ ‘ಚುಸೋಕ್’ ಹಬ್ಬಕ್ಕೆ, ಹೊಸವರ್ಷದ ‘ಸೊಲ್ಲಾಲ್’ಗೆ, ತೀರಿಹೋದವರ ತಿಥಿಗೆ ಎಡೆಯಲ್ಲಿ ಇದರ ದಾಯಾದಿ ‘ತಾಂಗುಕ್’ ಇರುತ್ತದೆ. ಎಡೆಯ ಸಾರಿಗೆ ಬಳ್ಳೊಳ್ಳಿ ಹಾಕುವಂತಿಲ್ಲ, ಮೆಣಸಿನಪುಡಿಯೂ ಇಲ್ಲ. ಪಕ್ಷಮಾಸದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿಡುವ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬದುಕಿದ್ದವರಿಗೆ ಅನ್ನ ಎಡಕ್ಕೆ, ಸಾರು ಬಲಕ್ಕೆ ಇಡುವ ಅವರು, ಹಿರಿಯರ ಎಡೆಯಲ್ಲಿ ಅದನ್ನು ತಿರುವುಮುರುವು ಮಾಡುತ್ತಾರೆ. ಶ್ರಾದ್ಧಕ್ಕೆ ಜನಿವಾರವನ್ನು ಅಪಸವ್ಯ ಮಾಡಿಕೊಳ್ಳುವಂತೆ, ಸತ್ತವರ ಲೋಕದಲ್ಲಿ ಎಡಬಲ ಅದಲುಬದಲು. ಹುಟ್ಟಿದ ಹಬ್ಬಕ್ಕೆ ಮಾತ್ರ ಮೂಲಂಗಿ ಸಾರಲ್ಲ, ಕಡಲಪಾಚಿಯದ್ದು. ಸಾವಿನ ಮನೆಗೆ ಹೋದವರಿಗೆ ಬಡಿಸುವುದು ಕೆಂಪು ಖಾರದ ‘ಯುಕ್ಕೆಜಾಂಗ್’.

ಉಳಿದದ್ದು ತಪ್ಪಲು. ಕೊರಿಯಾದ ಹಳ್ಳಿಗಳಲ್ಲಿ ಮೂಲಂಗಿ ತಪ್ಪಲನ್ನು ಸೂರಿನ ಕೆಳಗೆ ಒಣಗಹಾಕಿ, ‘ಸಿರೆಗಿ’ ಎಂದು ಕರೆದು ಚಳಿಗಾಲವಿಡೀ ಸಾರು ಮಾಡುತ್ತಾರೆ. ನಮ್ಮಲ್ಲಿ ತೊಗರಿಬೇಳೆ ಹಾಕಿ ಪಲ್ಯ. ಗಣಪತ ಗಲ್ಲಿಯ ಆ ಮಾವಶಿ ಮೂಲಂಗಿ ತೂಗಿ ಕೊಡುವಾಗ ತಪ್ಪಲು ಮುರಿಯಲು ಕೈ ಹಾಕಿ ಕೇಳಿದಳು: ‘ತಪ್ಪಲಾ ಒಯ್ಯಾಂವೇನ? ಬ್ಯಾಡಂದ್ರ ಇಲ್ಲೇ ಬಿಡ, ನಮ್ಮ ಆಡ ತಿಂತಾವು.’ ಒಯ್ಯುತ್ತೇನೆ ಎಂದೆ. ‘ಏನ್ ಮಾಡ್ತಿ?’ ಎಂದಳು. ಮೂಲಂಗಿ ಕೊರಿಯಾದ ಸಾರಿಗೆ, ತಪ್ಪಲು ನಮ್ಮ ಪಲ್ಯಕ್ಕೆ ಎಂದು ಹೇಳುವಷ್ಟರಲ್ಲಿ ಆಕೆ ಮುಂದಿನ ಗಿರಾಕಿಗೆ ಮೆಂತ್ಯದ ಸೂಡು ಎಣಿಸುತ್ತಿದ್ದಳು.